ಬಳಚು ತಿನ್ನಬಹುದಾ? ಮೊದಲು ಕೇಳಬೇಕಾದ್ದು ‘ಎಲ್ಲಿಂದ ತಂದ್ರಿ?’

ನಮ್ಮೂರು ನಾಯಕನಹಟ್ಟಿ. ಚಳ್ಳಕೆರೆ ತಾಲ್ಲೂಕಿನ ಒಣ ನೆಲ. ನಮ್ಮ ಕಡೆ ನೀರಲ್ಲಿ ಸಿಗೋ ಊಟ ಅಂದ್ರೆ, ಮಳೆ ಚೆನ್ನಾಗಿ ಬಂದು ಕೆರೆ ತುಂಬಿದ ವರ್ಷ ಸಿಗುವ ಮೀನು, ಏಡಿ, ಅಷ್ಟೇ. ಚಿಪ್ಪಿನೊಳಗಿನ ಮಾಂಸವನ್ನೂ ತಿಂತಾರೆ ಅಂತ ನನಗೆ ಗೊತ್ತಾಗಿದ್ದು ಬೆಂಗಳೂರಿಗೆ ಬಂದ ಮೇಲೆ, ಕುಮಟಾ ಕಡೆಯ ಗೆಳೆಯನೊಬ್ಬ ಆಫೀಸಿಗೆ ತಂದಿದ್ದ ಡಬ್ಬಿ ನೋಡಿ. ಅದರಲ್ಲಿದ್ದದ್ದು ಬಳಚು. ಮಂಗಳೂರು ಕಡೆಯವರು ಮರುವಾಯಿ ಅಂತಾರಲ್ಲ, ಅದೇ.

ಕಳೆದ ಡಿಸೆಂಬರ್ ರಜೆಯಲ್ಲಿ ಅವನ ಊರಿಗೇ ಹೋಗಿದ್ವಿ. ನಾನು, ಟೀಮಿನ ಇನ್ನಿಬ್ಬರು, ಜೊತೆಗೆ ನಮ್ಮಪ್ಪ. ಅರವತ್ತು ದಾಟಿದರೂ ಅಪ್ಪ ಕಡಲು ನೋಡಿರಲಿಲ್ಲ. ಹಿಂದಿನ ವರ್ಷ ಕಾಮಾಲೆಯಾಗಿ ಮಲಗಿದ್ರು. ಲಿವರ್ ಇನ್ನೂ ಪೂರ್ತಿ ಸರಿಹೋಗಿಲ್ಲ. ಮೇಲೆ ಶುಗರ್ ಬೇರೆ. ಈಗಲಾದರೂ ತೋರಿಸೋಣ ಅಂತ ಕರ್ಕೊಂಡು ಹೋದೆ.

ಗೆಳೆಯನ ಮನೆ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಹತ್ತಿರ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಜಾಗ ಅದು. ನೀರು ಇಳಿಯುವ ಹೊತ್ತಿಗೆ ಜನ ಬುಟ್ಟಿ ಹಿಡಿದು ಇಳೀತಾರೆ, ಕೆಸರಲ್ಲಿ ಕೈಯಾಡಿಸಿ ಬಳಚು ಆರಿಸ್ತಾರೆ. ಎಷ್ಟೋ ಮನೆಗಳಿಗೆ ಅದು ಊಟವೂ ಹೌದು, ಸಂಪಾದನೆಯೂ ಹೌದು.

ಎರಡನೇ ದಿನ ನಾವು ಹುಡುಗರು ಸ್ವಲ್ಪ ದೂರದ ಇನ್ನೊಂದು ಕಡಲತೀರಕ್ಕೆ ಹೋದ್ವಿ. ಅಲ್ಲಿ ಬಂಡೆಗಳ ಮೇಲೆ ಚಿಪ್ಪಿಕಲ್ಲು ಮುತ್ತಿಕೊಂಡಿದ್ವು. ಬರಿಗೈಯಲ್ಲೇ ಕಿತ್ತು ಅರ್ಧ ಚೀಲ ತುಂಬಿಸಿದ್ವಿ. ಕೆಂಡದ ಮೇಲಿಟ್ಟು ನಿಂಬೆಹಣ್ಣು ಹಿಂಡಿ ತಿನ್ನೋ ವಿಡಿಯೋಗಳನ್ನ ನೀವೂ ನೋಡಿರ್ತೀರಿ. ನಮ್ಮದೂ ಅದೇ ಪ್ಲಾನು.

ಗೆಳೆಯನ ಅಮ್ಮ ಚೀಲ ನೋಡಿ ಕೇಳಿದ್ದು ಒಂದೇ ಮಾತು: “ಎಲ್ಲಿಂದ ತಂದ್ರಿ ಇದನ್ನ?”

ಜಾಗ ಹೇಳಿದ್ವಿ. “ಆ ಮೋರಿ ಬಂದು ಬೀಳ್ತದಲ್ಲ, ಅಲ್ಲಿಯ ಬಂಡೆಯಾ?” ಅಂದ್ರು. ಹೌದು, ಮೋರಿ ಇತ್ತು. ನಾವೂ ನೋಡಿದ್ವಿ, ಆದರೆ ತಲೆಗೆ ಹಾಕ್ಕೊಂಡಿರಲಿಲ್ಲ. ಅವರು ಮಾತು ಬೆಳೆಸಲಿಲ್ಲ. ಚೀಲ ಎತ್ತಿಕೊಂಡು ಹೋಗಿ ಹಿತ್ತಲಿನ ಗುಂಡಿಗೆ ಸುರಿದು ಬಂದ್ರು. ನಮ್ಮಲ್ಲೊಬ್ಬನಿಗೆ ಬೇಜಾರಾಯ್ತು. “ಬೇಯಿಸಿದ್ರೆ ಎಲ್ಲಾ ಸಾಯುತ್ತೆ ಅಲ್ವಾ ಆಂಟಿ?” ಅಂದ.

ನನಗೂ ಅದೇ ಪ್ರಶ್ನೆ ಇತ್ತು. ವಾಪಸ್ ಬಂದ ಮೇಲೆ ಒಂದಷ್ಟು ಓದಿದೆ. ಉತ್ತರ ಚಿಕ್ಕದು: ಎಲ್ಲಾ ಸಾಯಲ್ಲ.

ಬಳಚು, ಚಿಪ್ಪಿಕಲ್ಲು, ಸಿಂಪಿ ಇವೆಲ್ಲ ನೀರು ಸೋಸಿ ಬದುಕುವ ಜೀವಿಗಳು. ಒಂದು ಕಡೆಯಿಂದ ನೀರು ಎಳ್ಕೊಂಡು, ಅದರಲ್ಲಿರೋ ಸೂಕ್ಷ್ಮ ಪಾಚಿಯನ್ನ ಹಿಡ್ಕೊಂಡು, ಇನ್ನೊಂದು ಕಡೆಯಿಂದ ನೀರು ಬಿಡ್ತವೆ. ಅನುಕೂಲದ ವಾತಾವರಣದಲ್ಲಿ ಒಂದು ದೊಡ್ಡ ಸಿಂಪಿ ದಿನಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಸೋಸಬಲ್ಲದು. ನೀರಲ್ಲಿ ಕೊಳೆ ಸ್ವಲ್ಪವೇ ಇದ್ದರೂ ಅದರ ಹೊಟ್ಟೆಯಲ್ಲಿ ಅದು ಕೂಡ್ತಾ ಹೋಗುತ್ತೆ. ನಮ್ಮನೆ ವಾಟರ್ ಫಿಲ್ಟರಿನ ಒಳಗಿನ ಕ್ಯಾಂಡಲ್ ಆರು ತಿಂಗಳಾದ ಮೇಲೆ ಹೇಗಿರುತ್ತೆ ನೆನೆಸ್ಕೊಳ್ಳಿ. ಮೀನನ್ನಾದರೆ ಹೊಟ್ಟೆ ಸೀಳಿ ಕರುಳು ತೆಗೆದು ತಿಂತೀವಿ. ಬಳಚನ್ನ ಕರುಳು ಸಮೇತ ತಿಂತೀವಿ.

ಹಾಗೆ ಕೂಡಿಕೊಳ್ಳೋದರಲ್ಲಿ ಮೂರು ಬಗೆ ಇವೆ. ಮೂರಕ್ಕೂ ಒಂದೇ ಮದ್ದಿಲ್ಲ.

ಮೊದಲನೆಯದು ರೋಗಾಣು. ಚರಂಡಿ ನೀರಿನಿಂದ ಬರುವ ಸಾಲ್ಮೊನೆಲ್ಲಾ, ನೊರೊವೈರಸ್, ಕಾಮಾಲೆ ತರುವ ಹೆಪಟೈಟಿಸ್-ಎ ಒಂದು ಕಡೆ. ಕಡಲ ನೀರಲ್ಲಿ ತಾನಾಗೇ ಇರುವ ವಿಬ್ರಿಯೊ ಇನ್ನೊಂದು ಕಡೆ. ಇವಕ್ಕೆ ಮದ್ದು ಬೆಂಕಿಯೇ, ಆದರೆ ಸರಿಯಾಗಿ ಬೇಯಬೇಕು. 1988ರಲ್ಲಿ ಚೀನಾದ ಶಾಂಘೈಯಲ್ಲಿ ಸುಮಾರು 3 ಲಕ್ಷ ಜನಕ್ಕೆ ಹೆಪಟೈಟಿಸ್-ಎ ಬಂತು. ಕಾರಣ, ಕೊಳಚೆ ಸೇರಿದ ನೀರಿನ ಚಿಪ್ಪುಗಳನ್ನ ಅರೆಬೇಯಿಸಿ ತಿಂದಿದ್ದು. ಚಿಪ್ಪು ಬಾಯಿ ಬಿಟ್ಟ ತಕ್ಷಣ ಬೆಂದಿದೆ ಅಂದ್ಕೊಳ್ಳೋದೇ ತಪ್ಪು. ಮಾಂಸದ ಒಳಗೆ 90 ಡಿಗ್ರಿ ಬಿಸಿ ಒಂದೂವರೆ ನಿಮಿಷವಾದರೂ ನಿಲ್ಲಬೇಕು ಅನ್ನೋದು ವೈರಸ್ ವಿಚಾರದಲ್ಲಿ ಪಾಲಿಸುವ ಅಳತೆ. ಮನೆಯಲ್ಲಿ ಥರ್ಮಾಮೀಟರ್ ಹಿಡಿದು ಅಡುಗೆ ಮಾಡೋರು ಯಾರೂ ಇಲ್ಲ. ಬಾಯಿ ಬಿಟ್ಟ ಮೇಲೂ ಐದು ನಿಮಿಷ ಕೊತಕೊತ ಕುದಿಸಿದರೆ ಸಾಕು. ಕೆಂಡದ ಮೇಲೆ ಎರಡು ನಿಮಿಷ ಇಟ್ಟು ನಿಂಬೆ ಹಿಂಡಿದರೆ ಸಾಲಲ್ಲ. ನಿಂಬೆ ರಸಕ್ಕೆ ಈ ರೋಗಾಣುಗಳನ್ನ ಕೊಲ್ಲೋ ಶಕ್ತಿ ಇಲ್ಲ.

ಎರಡನೆಯದು ಸೀಸ, ಕ್ಯಾಡ್ಮಿಯಂನಂಥ ಲೋಹಗಳು. ಬಂದರು, ಕಾರ್ಖಾನೆಗಳ ಹತ್ತಿರದ ನೀರಲ್ಲಿ ಇದರ ಭಯ ಹೆಚ್ಚು. ಎಷ್ಟು ಕುದಿಸಿದರೂ ಹೋಗಲ್ಲ. ವರ್ಷಕ್ಕೆ ಎರಡು ಸಲ ತಿನ್ನೋರಿಗೆ ಇದು ದೊಡ್ಡ ಚಿಂತೆ ಅಲ್ಲ. ವಾರ ವಾರ ಅಂಥ ಒಂದೇ ಜಾಗದ್ದನ್ನ ತಿನ್ನೋರಿಗೆ ಚಿಂತೆಯೇ.

ಮೂರನೆಯದು ನನ್ನನ್ನ ನಿಜವಾಗಿ ಹೆದರಿಸಿದ್ದು: ಪಾಚಿಯ ವಿಷ. ಕಡಲಲ್ಲಿ ಕೆಲವು ಜಾತಿಯ ಸೂಕ್ಷ್ಮ ಪಾಚಿ ಒಮ್ಮೊಮ್ಮೆ ವಿಪರೀತ ಬೆಳೆಯುತ್ತೆ. ಅದರಲ್ಲಿ ಕೆಲವು ಸ್ಯಾಕ್ಸಿಟಾಕ್ಸಿನ್ ಎಂಬ ನರವಿಷ ತಯಾರಿಸ್ತವೆ. ಅದನ್ನ ಸೋಸಿ ಕುಡಿದ ಚಿಪ್ಪಿಗೆ ಏನೂ ಆಗಿರಲ್ಲ. ನೋಡೋಕೆ, ಮೂಸೋಕೆ, ರುಚಿಗೆ ಎಲ್ಲಾ ಮಾಮೂಲಿ. ಕುದಿಸಿದರೂ ಹೋಗಲ್ಲ, ಫ್ರಿಜ್ಜಿನಲ್ಲಿಟ್ಟರೂ ಹೋಗಲ್ಲ. ತಿಂದ ಅರ್ಧ ಗಂಟೆಯಿಂದ ಒಂದೆರಡು ಗಂಟೆಯೊಳಗೆ ತುಟಿ, ನಾಲಿಗೆ, ಬೆರಳ ತುದಿ ಜುಮ್ಮೆನ್ನೋಕೆ ಶುರು. ಆಮೇಲೆ ಮಾತು ತೊದಲುತ್ತೆ, ಕೈಕಾಲು ಸೋಲುತ್ತೆ. ತೀರಾ ಜಾಸ್ತಿಯಾದರೆ ಉಸಿರಾಟವೇ ನಿಲ್ಲುತ್ತೆ. ಇದಕ್ಕೆ ಪ್ರತಿವಿಷ ಇಲ್ಲ. ವಿಷ ಇಳಿಯೋವರೆಗೆ ಉಸಿರಾಟ ನಡೆಸಿಕೊಡೋ ಆಸ್ಪತ್ರೆ ಸಿಕ್ಕರೆ ಜೀವ ಉಳಿಯುತ್ತೆ.

ಇದು ಎಲ್ಲೋ ವಿದೇಶದ ಕಥೆ ಅಂದ್ಕೋಬೇಡಿ. 1981ರಲ್ಲಿ ತಮಿಳುನಾಡಿನಲ್ಲಿ ಹೀಗೆ ಮೂವರು ತೀರಿಕೊಂಡ್ರು. 1983ರಲ್ಲಿ ನಮ್ಮ ಕಾಸರಗೋಡು ಕಡೆಯ ಕುಂಬಳೆ ಅಳಿವೆಯ ಮರುವಾಯಿ ತಿಂದವರಿಗೆ ಇದೇ ಆಯ್ತು, ಒಬ್ಬ ಹುಡುಗ ಉಳಿಯಲಿಲ್ಲ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ವಿಜ್ಞಾನಿಗಳು ಅದರ ಬಗ್ಗೆ ಸಂಶೋಧನೆ ಮಾಡಿ ಪ್ರಕಟಿಸಿದ್ದಾರೆ. 1997ರ ಸೆಪ್ಟೆಂಬರಿನಲ್ಲಿ ಕೇರಳದ ವಿಳಿಂಜಂನಲ್ಲಿ ಚಿಪ್ಪಿಕಲ್ಲು ತಿಂದ 7 ಜನ ಸತ್ತರು, 500ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ರು. ಅವರೇನೂ ನಮ್ಮ ಹಾಗೆ ರಜೆಗೆ ಬಂದವರಲ್ಲ. ಕಡಲ ದಡದಲ್ಲೇ ಹುಟ್ಟಿ ಬೆಳೆದು, ಅದನ್ನೇ ತಿಂದುಕೊಂಡಿದ್ದ ಜನ.

ಇಂಥದ್ದು ಅಪರೂಪ, ನಿಜ. ಕರಾವಳಿಯಲ್ಲಿ ಲಕ್ಷಾಂತರ ಜನ ತಲೆತಲಾಂತರದಿಂದ ಬಳಚು ತಿಂದು ಆರೋಗ್ಯವಾಗಿದ್ದಾರೆ. ಪ್ರೋಟೀನ್, ಕಬ್ಬಿಣದ ಅಂಶ, ಬಿ-12 ಎಲ್ಲಾ ಇರೋ ಒಳ್ಳೇ ಆಹಾರ. ಆದರೆ ನಮ್ಮ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರೋ ಒಂದು ಮಾತಿದೆ: ಹತ್ತು ಸಲ ಓಡಿಸಿದಾಗ ಏನೂ ಆಗಲಿಲ್ಲ ಅಂದ್ರೆ ಬಗ್ ಇಲ್ಲ ಅಂತ ಅರ್ಥ ಅಲ್ಲ. “ನಮ್ಮಜ್ಜಿ ಕಾಲದಿಂದ ತಿಂತಿದ್ದೀವಿ” ಅನ್ನೋ ಮಾತು ಆ ಜಾಗಕ್ಕೆ, ಆ ಕಾಲದ ನೀರಿಗೆ ಸರಿ. ಮೊನ್ನೆ ಮೊನ್ನೆ ಮೋರಿ ಬಂದು ಸೇರಿದ ಬಂಡೆಗೆ ಸಲ್ಲಲ್ಲ.

ಹಾಗಾದ್ರೆ ಯಾರು ನೋಡ್ಕೋಬೇಕು? ಯುರೋಪಿನಲ್ಲಿ ಚಿಪ್ಪು ತೆಗೆಯುವ ನೀರನ್ನೇ ಎ, ಬಿ, ಸಿ ಅಂತ ದರ್ಜೆ ಮಾಡಿರ್ತಾರೆ. ‘ಎ’ ದರ್ಜೆಯದ್ದನ್ನ ಮಾತ್ರ ನೇರವಾಗಿ ಮಾರಬಹುದು, ಉಳಿದದ್ದನ್ನ ಶುದ್ಧಮಾಡಿಯೇ ಮಾರಬೇಕು. ಪಾಚಿ ವಿಷ ಒಂದು ಕಿಲೋ ಮಾಂಸಕ್ಕೆ 800 ಮೈಕ್ರೊಗ್ರಾಂ ದಾಟಿದರೆ ಆ ಜಾಗವನ್ನೇ ಮುಚ್ಚುತ್ತಾರೆ. ಅಮೆರಿಕದ ಕರಾವಳಿ ರಾಜ್ಯಗಳಲ್ಲಿ ಇವತ್ತು ಯಾವ ದಡ ಮುಚ್ಚಿದೆ ಅಂತ ಜನ ಮೊಬೈಲಲ್ಲೇ ನೋಡ್ಕೊಳ್ತಾರೆ. ನಮ್ಮಲ್ಲಿ ರಫ್ತಾಗುವ ಸರಕಿಗೆ ಲ್ಯಾಬ್ ಪರೀಕ್ಷೆ ಇದೆ. ಮನೆ ಬಾಗಿಲಿಗೆ ಬುಟ್ಟಿಯಲ್ಲಿ ಬರುವ ಬಳಚಿಗೆ ಅಂಥ ಯಾವ ಚೀಟಿಯೂ ಇರಲ್ಲ. ಅಲ್ಲಿರೋ ಏಕೈಕ ಪರೀಕ್ಷೆ ಗೆಳೆಯನ ಅಮ್ಮ ಕೇಳಿದ ಆ ಪ್ರಶ್ನೆ.

ಆದ್ದರಿಂದ ಗೋಕರ್ಣ, ಮುರುಡೇಶ್ವರ, ಮಲ್ಪೆ ಅಂತ ಪ್ರವಾಸ ಹೊರಡೋ ನಮ್ಮಂಥವರಿಗೆ ಒಂದಷ್ಟು ಮಾತು.

ನೀವೇ ಕಿತ್ತು ತಿನ್ನೋಕೆ ಹೋಗಬೇಡಿ. ಆ ನೀರಿಗೆ ಏನೇನು ಸೇರುತ್ತೆ ಅಂತ ನಿಮಗೆ ಗೊತ್ತಿಲ್ಲ. ಅಲ್ಲೇ ದಿನಾ ತೆಗೆಯೋರ ಹತ್ತಿರ ಕೊಳ್ಳಿ, ಯಾವ ಜಾಗದ್ದು, ಯಾವತ್ತು ತೆಗೆದದ್ದು ಅಂತ ಕೇಳಿ. ಜೋರು ಮಳೆ ಬಂದ ಬೆನ್ನಿಗೆ ಬೇಡ, ಊರ ಕೊಳೆಯೆಲ್ಲ ಅಳಿವೆಗೆ ಇಳಿದಿರುತ್ತೆ. ನೀರಿನ ಬಣ್ಣ ಕೆಂಪು, ಹಸಿರು ಅಂತ ಬದಲಾಗಿದ್ದರೆ, ಮೀನು ಸತ್ತು ತೇಲ್ತಿದ್ದರೆ ಬೇಡವೇ ಬೇಡ. ಆದರೆ ಬಣ್ಣ ಬದಲಾಗದೆಯೂ ವಿಷ ಇರಬಹುದು, ಹಾಗಾಗಿ ಬಣ್ಣ ನೋಡಿ ಧೈರ್ಯ ತಗೋಬೇಡಿ. ಬೇಯಿಸೋ ಮೊದಲು ಚಿಪ್ಪನ್ನ ತಟ್ಟಿ ನೋಡಿ. ಬಾಯಿ ತೆರೆದಿದ್ದು ತಟ್ಟಿದರೂ ಮುಚ್ಚಲಿಲ್ಲ ಅಂದ್ರೆ ಸತ್ತಿದೆ, ಬಿಸಾಡಿ. ಬೇಯಿಸಿದ ಮೇಲೂ ಬಾಯಿ ಬಿಡದೇ ಇದ್ದದ್ದನ್ನೂ ಬಿಸಾಡಿ. ರಾತ್ರಿಯಿಡೀ ಉಪ್ಪುನೀರಲ್ಲಿ ನೆನೆಹಾಕೋದು ಮರಳು ಹೋಗೋಕೆ ಮಾತ್ರ, ವೈರಸ್ಸಿಗೂ ವಿಷಕ್ಕೂ ಅದು ಲೆಕ್ಕಕ್ಕಿಲ್ಲ. ತಿಂದ ಮೇಲೆ ತುಟಿ ಜುಮ್ಮೆಂದರೆ “ಖಾರ ಜಾಸ್ತಿಯಾಯ್ತೇನೋ” ಅಂತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಏನು ತಿಂದ್ರಿ ಅಂತ ಡಾಕ್ಟರಿಗೆ ಹೇಳಿ.

ಏಡಿ, ಸಿಗಡಿ ಹೀಗೆ ನೀರು ಸೋಸಿ ಬದುಕೋದಿಲ್ಲ, ಆದ್ದರಿಂದ ಈ ವಿಷದ ಭಯ ಅವುಗಳ ಮಾಂಸದಲ್ಲಿ ಕಮ್ಮಿ. ನಮ್ಮೂರ ಕಡೆಯವರಿಗೆ ಒಂದು ಮಾತು: ಕೆರೆ, ಹಳ್ಳದ ಏಡಿಯನ್ನೂ ಅರೆಬೇಯಿಸಬೇಡಿ. ಈಶಾನ್ಯ ರಾಜ್ಯಗಳಲ್ಲಿ ಹಸಿ ಏಡಿಯಿಂದ ಶ್ವಾಸಕೋಶಕ್ಕೆ ಹುಳ ಸೇರಿ, ಅದನ್ನ ಟಿಬಿ ಅಂದ್ಕೊಂಡು ಚಿಕಿತ್ಸೆ ಕೊಟ್ಟಿರೋ ಉದಾಹರಣೆಗಳಿವೆ.

ಇನ್ನು ಅಪ್ಪನ ವಿಷಯ. ಆ ರಾತ್ರಿ ಗೆಳೆಯನ ಅಮ್ಮ ತಾವು ನೆಚ್ಚಿದ ಜಾಗದ ಬಳಚು ತರಿಸಿ ಸುಕ್ಕ ಮಾಡಿದ್ರು. ಅಪ್ಪ ತಟ್ಟೆ ಮುಂದಿಟ್ಟುಕೊಂಡು ಕೂತಿದ್ರು. ನಾನು ಹೊರಗೆ ಹೋಗಿ ನಮ್ಮ ಡಾಕ್ಟರಿಗೆ ಫೋನ್ ಮಾಡಿದೆ. ಲಿವರ್ ತೊಂದರೆ ಇರೋರಿಗೆ ವಿಬ್ರಿಯೊದಲ್ಲೊಂದು ಜಾತಿ ರಕ್ತಕ್ಕೇ ಸೇರಿ ಪ್ರಾಣಕ್ಕೆ ಎರವಾಗುತ್ತೆ, ಹಸಿಯದ್ದು ಅರೆಬೆಂದದ್ದು ಮುಟ್ಟಲೇಬಾರದು, ಚೆನ್ನಾಗಿ ಬೆಂದದ್ದು ಪರವಾಗಿಲ್ಲ, ಆದರೂ ನಿಮ್ಮಪ್ಪನಿಗೆ ಈ ವರ್ಷ ಬೇಡ ಅಂದ್ರು. ಒಳಗೆ ಬಂದು ಹೇಳಿದೆ.

“ಕಡಲು ತೋರಿಸ್ತೀನಿ ಅಂತ ಕರ್ಕೊಂಡು ಬಂದು ಅನ್ನ ಸಾರು ತಿನ್ನಿಸ್ತೀಯೇನಲೇ?” ಅಂತ ಅಪ್ಪ ಎಲ್ಲರ ಮುಂದೆ ರೇಗಿದ್ರು. ನನಗೆ ಮುಖ ಎತ್ತೋಕಾಗಲಿಲ್ಲ. ಗೆಳೆಯನ ಅಮ್ಮನೇ ಎದ್ದು ಹೋಗಿ, ಎರಡು ಬಂಗುಡೆ ಹುರಿದು ತಂದು ಅವರ ತಟ್ಟೆಗೆ ಹಾಕಿದ್ರು. “ಅಣ್ಣಾ, ಮಗ ಹೇಳಿದ್ದು ಸರಿ ಉಂಟು. ಬಳಚು ಎಲ್ಲಿಗೂ ಹೋಗೂದಿಲ್ಲ. ನೀವು ಗಟ್ಟಿಯಾಗಿ ಬನ್ನಿ, ಬರೂ ವರ್ಷ ಮಾಡಿ ಹಾಕ್ತೆ” ಅಂದ್ರು.

ನಾನು ಬಳಚು ತಿಂದೆ. ಚೆನ್ನಾಗಿತ್ತು. ಅಪ್ಪ ಊರಿಗೆ ಬಂದ ಮೇಲೂ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಈಗ ಮೂರು ತಿಂಗಳಿಗೊಮ್ಮೆ ಲಿವರ್ ಟೆಸ್ಟ್ ಮಾಡಿಸೋಣ ಅಂದ್ರೆ ಮೊದಲಿನ ಹಾಗೆ ತಕರಾರು ತೆಗೆಯದೆ ಬರ್ತಾರೆ. ರಿಪೋರ್ಟ್ ಕೈಗೆ ಬಂದ ತಕ್ಷಣ ಕೇಳೋದು ಒಂದೇ: “ಈ ಸಲ ತಿನ್ನಬಹುದಂತೇನು?”