ದೂರದರ್ಶಕವು ಬೀದಿಗಿಳಿಯಲಿ

ಚಂದ್ರಯಾನ-2ರ ಸಿದ್ಧತೆಯ ಕಾಲದಲ್ಲಿ ಇಸ್ರೋ ಸಂಸ್ಥೆಯವರು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ, ಉಳ್ಳಾರ್ತಿಯ ಕಾವಲಿನಲ್ಲಿ, ಚಂದ್ರನ ನೆಲವನ್ನು ಹೋಲುವ ಕುಳಿಗಳನ್ನು ತೋಡಿಸಿದರು. ನೌಕೆಯ ಉಪಕರಣಗಳನ್ನು ಪರೀಕ್ಷಿಸುವುದಕ್ಕಾಗಿ ಚಂದ್ರನ ಪ್ರತಿರೂಪವೇ ಈ ಜಿಲ್ಲೆಗೆ ಬಂದಿತು. ಆದರೆ ನಿಜವಾದ ಚಂದ್ರನ ಕುಳಿಗಳನ್ನು ದೂರದರ್ಶಕದಲ್ಲಿ ಕಣ್ಣಾರೆ ಕಂಡವರು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಎಷ್ಟು ಮಂದಿ ಇದ್ದಾರು? ಈ ಪ್ರಶ್ನೆಯನ್ನು ನಾವು ವಿದ್ಯಾರ್ಥಿಗಳ ಮುಂದಿಡಬಯಸುತ್ತೇವೆ.

ಶಾಲೆಯ ಬೀರುವಿನಲ್ಲಿ ಬೀಗ ಹಾಕಿದ ದೂರದರ್ಶಕವು ಬೀದಿಗೆ ಬರಬೇಕು. ಸಂತೆಗೆ ಬಂದವರೂ, ಬಸ್ಸಿಗೆ ಕಾದವರೂ ಅದರಲ್ಲಿ ನೋಡಬೇಕು. ಇದು ನಮ್ಮ ಅಭಿಪ್ರಾಯ.

ಇದು ಹೊಸ ಮಾತಲ್ಲ. ಜಾನ್ ಡಾಬ್ಸನ್ ಎಂಬಾತನು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ರಾಮಕೃಷ್ಣ ಪಂಥದ ಮಠದಲ್ಲಿ ಹಲವು ವರ್ಷ ಸನ್ಯಾಸಿಯಾಗಿದ್ದನು. ಹಳೆಯ ಹಡಗುಗಳ ಕಿಟಕಿಯ ಗಾಜನ್ನು ಕೈಯಿಂದಲೇ ಉಜ್ಜಿ ದರ್ಪಣ ಮಾಡಿ, ರಟ್ಟಿನ ಕೊಳವೆಗೆ ಸೇರಿಸಿ, ಅಗ್ಗದ ದೂರದರ್ಶಕಗಳನ್ನು ಕಟ್ಟಿದನು. 1967ರಲ್ಲಿ ಮಠವನ್ನು ಬಿಡಬೇಕಾಗಿ ಬಂದಿತು. ಮರುವರ್ಷವೇ ಆತನು ಪಾದಚಾರಿಗಳಿಗೆ ಆಕಾಶ ತೋರಿಸುವ ಸಂಘವೊಂದರ ಸ್ಥಾಪಕರಲ್ಲಿ ಒಬ್ಬನಾದನು. 2014ರಲ್ಲಿ ತೀರಿಕೊಳ್ಳುವ ವೇಳೆಗೆ ಆತನ ಸರಳವಾದ ಮರದ ಪೀಠವು ಜಗತ್ತಿನ ಹವ್ಯಾಸಿಗಳಲ್ಲೆಲ್ಲ ಬಳಕೆಗೆ ಬಂದಿತ್ತು.

ಈ ಕಾರ್ಯಕ್ಕೆ ಚಿತ್ರದುರ್ಗದ ಬಯಲುಸೀಮೆ ತಕ್ಕ ಸ್ಥಳ. ಮಳೆ ಕಡಿಮೆ, ನಿರ್ಮಲವಾದ ರಾತ್ರಿಗಳು ಹೆಚ್ಚು. ಊರು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಗ್ರಹಗಳು ಬಾನಿನಲ್ಲಿ ಎತ್ತರಕ್ಕೇರುತ್ತವೆ. ಯೂರೋಪಿನವರು ತಮ್ಮ ಊರಿನಿಂದ ಕಾಣಲಾರದ ತ್ರಿಶಂಕು ನಕ್ಷತ್ರಪುಂಜವು ಬೇಸಗೆಯ ರಾತ್ರಿಗಳಲ್ಲಿ ಇಲ್ಲಿ ದಕ್ಷಿಣ ದಿಗಂತದ ಮೇಲೆ ನಿಲ್ಲುತ್ತದೆ.

10 ಸೆಂಟಿಮೀಟರ್ ವ್ಯಾಸದ ದರ್ಪಣವು ಬರಿಗಣ್ಣಿಗಿಂತ ಸುಮಾರು 200 ಪಟ್ಟು ಬೆಳಕನ್ನು ಕೂಡಿಸುತ್ತದೆ. ಅಷ್ಟೇ ಸಾಕು, ಗುರುವಿನ ನಾಲ್ಕು ದೊಡ್ಡ ಚಂದ್ರರೂ ಶನಿಯ ಉಂಗುರವೂ ಕಾಣುತ್ತವೆ. ಚಂದ್ರನನ್ನು ತೋರಿಸಲು ಹುಣ್ಣಿಮೆಗಿಂತ ಶುಕ್ಲಪಕ್ಷದ ಸಪ್ತಮಿ, ಅಷ್ಟಮಿಗಳು ಮೇಲು. ಆಗ ಬೆಳಕು ಓರೆಯಾಗಿ ಬಿದ್ದು ಕುಳಿಗಳ ನೆರಳು ಎದ್ದು ಕಾಣುತ್ತದೆ. ಭೂಮಿಯು ತಿರುಗುವುದರಿಂದ ಗ್ರಹವು ಎರಡು ನಿಮಿಷಗಳೊಳಗಾಗಿ ದೃಷ್ಟಿಕ್ಷೇತ್ರದಿಂದ ಜಾರಿಹೋಗಬಹುದು. ಅದನ್ನು ಮತ್ತೆ ಹಿಡಿದುಕೊಡುವುದೇ ಭೂಭ್ರಮಣೆಯ ಪಾಠ. ಒಂದು ಎಚ್ಚರಿಕೆ ಮಾತ್ರ ಅವಶ್ಯ: ತಕ್ಕ ಶೋಧಕವಿಲ್ಲದೆ ದೂರದರ್ಶಕವನ್ನು ಎಂದಿಗೂ ಸೂರ್ಯನ ಕಡೆಗೆ ತಿರುಗಿಸಕೂಡದು; ಕಣ್ಣೇ ಹೋದೀತು.

ಜನಸಂದಣಿಯಲ್ಲಿ ಉಪಕರಣವು ಕೆಟ್ಟೀತೆಂದು ಕೆಲವರು ಹೇಳುವರು. ಬೀರುವಿನಲ್ಲಿಟ್ಟ ಮಸೂರಕ್ಕೂ ಬೂಷ್ಟು ಹಿಡಿಯುತ್ತದೆ. ಹಾಗೆ ಕೆಟ್ಟ ಮಸೂರದಿಂದ ಯಾರಿಗೂ ಏನೂ ಕಂಡಿರುವುದಿಲ್ಲ. ಮೊಬೈಲಿನಲ್ಲಿ ಇದಕ್ಕಿಂತ ಚೆಂದದ ಚಿತ್ರಗಳಿವೆ ಎಂಬ ಆಕ್ಷೇಪವು ಇನ್ನೂ ಗಂಭೀರವಾದುದು. ಚಿತ್ರಗಳು ಚೆಂದವೇ ಸರಿ. ಆದರೆ ಅವು ಇನ್ನೊಬ್ಬರು ಕಂಡದ್ದರ ವರದಿ. ದೂರದರ್ಶಕದಲ್ಲಿ ಕಣ್ಣಿಗೆ ಬೀಳುವುದು ಒಂದು ಗಂಟೆಗೂ ಹಿಂದೆ ಶನಿಯನ್ನು ಬಿಟ್ಟು ಹೊರಟ ಬೆಳಕೇ.

ಶನಿಯ ಹೆಸರು ಕೇಳಿದರೆ ಅಂಜುವವರು, ಸಾಡೇಸಾತಿಯೆಂದು ಎಳ್ಳುದೀಪ ಹಚ್ಚುವವರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಅವರನ್ನು ಹಳಿಯುವುದರಿಂದಾಗಲಿ ನಗುವುದರಿಂದಾಗಲಿ ಪ್ರಯೋಜನವಿಲ್ಲ. ಒಮ್ಮೆ ಆ ಪುಟ್ಟ ಉಂಗುರವನ್ನು ತೋರಿಸಿ ಸುಮ್ಮನಿರಬೇಕು. "ಕೊಳವೆಯೊಳಗೆ ಚಿತ್ರ ಅಂಟಿಸಿದ್ದೀರಾ?" ಎಂದು ಅವರು ಕೇಳಿದರೆ ಸಂತೋಷಪಡಬೇಕು. ಸಂದೇಹವು ಹುಟ್ಟಿತು, ಕೊಳವೆಯನ್ನು ಅತ್ತಿತ್ತ ಸರಿಸಿ ಅವರೇ ಪರೀಕ್ಷಿಸಲಿ. ಎರಡು ನಿಮಿಷದ ನೋಟದಿಂದ ಯಾರೂ ವಿಜ್ಞಾನಿಯಾಗರು, ನಿಜ. ಆದರೆ ಹೇಳಿದ್ದನ್ನು ನಂಬುವುದಕ್ಕೂ ನೋಡಿ ತಿಳಿಯುವುದಕ್ಕೂ ಇರುವ ಅಂತರವು ಆ ಎರಡು ನಿಮಿಷಗಳಲ್ಲಿ ಅನುಭವಕ್ಕೆ ಬರುವುದು.

ವಿದ್ಯಾರ್ಥಿಗಳೇ, ನಿಮ್ಮ ಅಧ್ಯಾಪಕರನ್ನು ಕೇಳಿರಿ, ಬೀಗವನ್ನು ತೆಗೆಸಿರಿ. ದುರ್ಗದ ಕೋಟೆಯ ಕೆಳಗಿನ ಬೀದಿಯಲ್ಲಿ, ಹಿರಿಯೂರಿನ ತೇರಿನ ದಿನ, ಹೊಸದುರ್ಗದ ಸಂತೆಯಲ್ಲಿ, ಹೊಳಲ್ಕೆರೆಯ ಬಯಲು ಗಣಪತಿಯ ಮುಂದೆ ಒಂದು ಸಂಜೆ ನಿಲ್ಲಿರಿ. ದಾರಿಹೋಕರನ್ನು ಕರೆಯಿರಿ. ಮೊದಲು ಅವರಿಗೆ ತೋರಿಸಿ, ಆಮೇಲೆ ನೀವು ನೋಡಿರಿ.