ವಿಂಡೋಸ್ 10 ನಿಂತ ಮೇಲೆ: ನಮ್ಮ ಶಾಲೆಗಳ ಹಳೆಯ ಕಂಪ್ಯೂಟರು, ಹಳೆಯ ಕಡತ



2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಅದಕ್ಕೆ ಎರಡು ವಾರ ಮೊದಲು ವಿಂಡೋಸ್ 11ರ 25ಎಚ್2 ಆವೃತ್ತಿ ಬಂದಿತ್ತು. ಅಂದಿನಿಂದ ಜತ್ತ, ಉಮದಿ, ಸಂಖದ ಸದಸ್ಯರಷ್ಟೇ ಅಲ್ಲ, ಅಕ್ಕಲಕೋಟೆ ಕಡೆಯವರೂ ಕೇಳುವುದು ಒಂದೇ ಮಾತು: ಹೊಸದಕ್ಕೆ ಹೋಗಿ ಎಂದು ಪರದೆಯ ಮೇಲೆ ಬರುತ್ತದೆ, ಒತ್ತೋಣವೋ ಬೇಡವೋ?

ಹೊಸ ಆವೃತ್ತಿಯ ಬಗ್ಗೆ ಪತ್ರಿಕೆಗಳು ಬರೆಯುವುದೆಲ್ಲ ಕೃತಕ ಬುದ್ಧಿಮತ್ತೆಯ ಸುದ್ದಿ. ಕೋಪೈಲಟ್ ಎಂಬ ಸಹಾಯಕ, ಪರದೆಯ ಮೇಲೆ ನೋಡಿದ್ದನ್ನೆಲ್ಲ ನೆನಪಿಟ್ಟುಕೊಂಡು ಹುಡುಕಿಕೊಡುವ ರೀಕಾಲ್, ಹೊಸ ರೂಪದ ಸ್ಟಾರ್ಟ್ ಮೆನು. ಇವುಗಳಲ್ಲಿ ರೀಕಾಲ್ ಓಡಬೇಕಾದರೆ ವಿಶೇಷ ಪ್ರೊಸೆಸರ್ ಮತ್ತು 16 ಜಿಬಿ ರ‍್ಯಾಮ್ ಇರುವ ಹೊಸ ಯಂತ್ರವೇ ಬೇಕು. ನಮ್ಮ ತಾಲೂಕಿನ ಎಷ್ಟು ಕನ್ನಡ ಶಾಲೆಗಳಲ್ಲಿ ಅಂಥ ಯಂತ್ರವಿದೆ ಎಂಬುದು ತಮಗೇ ಗೊತ್ತು. ಆದ್ದರಿಂದ ಆ ಮಾತನ್ನು ಇಲ್ಲಿಗೇ ಬಿಡುತ್ತೇವೆ.

ನಮಗೆ ತಟ್ಟುವ ಬದಲಾವಣೆಗಳು ಬೇರೆ. ಮೊದಲನೆಯದು ಯಂತ್ರದ ಅರ್ಹತೆ. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಯಂತ್ರವಾದರೆ ಸುಮಾರಾಗಿ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದರ ನಂತರದ್ದು, ಅಂದರೆ 2017ರ ಈಚಿನದು. 32 ಬಿಟ್ ಆವೃತ್ತಿಯಂತೂ ಇಲ್ಲವೇ ಇಲ್ಲ. ದಾನಿಗಳು ತಮ್ಮ ಕಚೇರಿಯಲ್ಲಿ ಬಳಸಿ ಬಿಟ್ಟ ಕಂಪ್ಯೂಟರನ್ನೇ ನಮ್ಮ ಶಾಲೆಗಳಿಗೆ ಕೊಡುವುದು ರೂಢಿ. ಅವುಗಳಲ್ಲಿ ಬಹಳಷ್ಟು ಈ ಅಳತೆಗೆ ಬರುವುದಿಲ್ಲ. ಪಿಸಿ ಹೆಲ್ತ್ ಚೆಕ್ ಎಂಬ ಮೈಕ್ರೋಸಾಫ್ಟಿನ ಉಚಿತ ತಂತ್ರಾಂಶ ಹಾಕಿ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಅರ್ಹತೆ ಇಲ್ಲದ ಯಂತ್ರಕ್ಕೂ ಅಡ್ಡದಾರಿಯಿಂದ ಹಾಕಿಕೊಡುತ್ತೇವೆ ಎನ್ನುವ ಅಂಗಡಿಯವರಿದ್ದಾರೆ. ಹಾಗೆ ಹಾಕಿದ್ದಕ್ಕೆ ಮುಂದೆ ನವೀಕರಣ ಸಿಕ್ಕೀತೆಂಬ ಖಾತ್ರಿಯಿಲ್ಲ.

ಹಾಗಂತ ಹಳೆಯ ಯಂತ್ರ ಇಂದೇ ನಿಂತುಹೋಗುವುದಿಲ್ಲ. ಅದು ಓಡುತ್ತದೆ, ಭದ್ರತೆಯ ತೇಪೆ ಮಾತ್ರ ಸಿಗುವುದಿಲ್ಲ. ಮನೆ ಬಳಕೆಯ ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ನವೀಕರಣ ಇಟ್ಟಿದ್ದಾರೆ. ಮೈಕ್ರೋಸಾಫ್ಟ್ ಖಾತೆ ತೆರೆದು ಸೆಟ್ಟಿಂಗ್‌ಗಳನ್ನು ಬ್ಯಾಕಪ್‌ಗೆ ಹಾಕಿದರೆ ಹಣ ಕೊಡಬೇಕಿಲ್ಲ. ಒಂದೇ ಖಾತೆಯಲ್ಲಿ ಹತ್ತು ಯಂತ್ರ ಸೇರಿಸಬಹುದು. ಶಿಕ್ಷಣ ಸಂಸ್ಥೆಗಳಿಗೆ ಬೇರೆ ದರವಿದೆ: ಯಂತ್ರಕ್ಕೆ ಮೊದಲ ವರ್ಷ 1 ಡಾಲರ್, ಎರಡನೆಯ ವರ್ಷ 2, ಮೂರನೆಯ ವರ್ಷ 4. ಆದರೆ ಅದನ್ನು ಸಂಸ್ಥೆಗಳ ಪರವಾನಗಿಯ ಮೂಲಕವೇ ಕೊಳ್ಳಬೇಕು, ಒಬ್ಬ ಮುಖ್ಯಾಧ್ಯಾಪಕರು ಅಂಗಡಿಗೆ ಹೋಗಿ ತರುವಂಥದ್ದಲ್ಲ. ಇದನ್ನು ಜಿಲ್ಲಾ ಪರಿಷತ್ತಿನ ಮಟ್ಟದಲ್ಲೇ ಕೇಳಬೇಕು.

ಈ ವರ್ಷದ ಅವಕಾಶವನ್ನು ನಾವು ಯಾತಕ್ಕೆ ಬಳಸಬೇಕು ಎಂಬುದೇ ಮುಖ್ಯ ಪ್ರಶ್ನೆ. ಯಂತ್ರಕ್ಕಿಂತ ಮೊದಲು ಕಡತಗಳನ್ನು ಉಳಿಸಿಕೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ. ಯಾಕೆಂದು ಹೇಳುತ್ತೇವೆ.

ತಾಲೂಕಿನ ಪೂರ್ವ ಭಾಗದ ಒಂದು ಕನ್ನಡ ಶಾಲೆಯ ಮಾಸ್ತರರು ಹಳೆಯ ಕಂಪ್ಯೂಟರಿನಲ್ಲಿದ್ದ ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೊಸ ಯಂತ್ರದಲ್ಲಿ ತೆರೆದರು. ಹಳೆಯ ವಿದ್ಯಾರ್ಥಿಗಳ ಪಟ್ಟಿ, ಪ್ರಶ್ನೆಪತ್ರಿಕೆ, ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯ ಲೇಖನಗಳು, ಎಲ್ಲವೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಂಡವು. ಫೈಲು ಕೆಟ್ಟಿದೆ, ಅಳಿಸಿಬಿಡಿ ಎಂದು ಪಕ್ಕದಲ್ಲಿದ್ದವರು ಹೇಳಿದರಂತೆ. ಪುಣ್ಯಕ್ಕೆ ಅವರು ಅಳಿಸದೆ ನಮ್ಮ ಬಳಿ ತಂದರು. ಫೈಲು ಕೆಟ್ಟಿರಲಿಲ್ಲ.

ಆದದ್ದಿಷ್ಟು. ಕರ್ನಾಟಕ ಸರ್ಕಾರ ಒಪ್ಪಿದ, ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದಲ್ಲಿ ನಾವೆಲ್ಲ ವರ್ಷಗಟ್ಟಲೆ ಟೈಪು ಮಾಡಿದ್ದೇವೆ. ಕೆಲವರು ಬರಹದಲ್ಲಿ. ಆ ಕಾಲದ ಫಾಂಟುಗಳಲ್ಲಿ ಒಳಗೆ ಕೂತಿರುವುದು ರೋಮನ್ ಲಿಪಿಯ ಸಂಕೇತ, ಮೇಲೆ ಕಾಣುವುದು ಕನ್ನಡದ ಚಿತ್ರ. ಆ ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚಿ ರೋಮನ್ ಅಕ್ಷರವೇ ಕಾಣುತ್ತದೆ. ಮೊಬೈಲಿನಲ್ಲೂ ಅಷ್ಟೇ. ಅಂಥ ಪಟ್ಟಿಯಲ್ಲಿ ಒಬ್ಬರ ಹೆಸರು ಹುಡುಕಲೂ ಆಗುವುದಿಲ್ಲ. ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿದೆ, ಯಾವ ಯಂತ್ರದಲ್ಲಿ ತೆರೆದರೂ ಕನ್ನಡವಾಗಿಯೇ ಉಳಿಯುತ್ತದೆ. ವಿಂಡೋಸ್ 2000ದಲ್ಲಿ ದೇವನಾಗರಿ ಮತ್ತು ತಮಿಳು ಬಂದಿದ್ದವು. ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನೊಂದಿಗೆ. ಅಂದರೆ ಯುನಿಕೋಡ್ ಕನ್ನಡ ನಮ್ಮ ಕೈಗೆ ಬಂದು ಎರಡು ದಶಕ ದಾಟಿದರೂ ನಾವು ಹಳೆಯ ರೂಢಿ ಬಿಡಲಿಲ್ಲ. ಇದರಲ್ಲಿ ನಮ್ಮ ಸಂಘದ ತಪ್ಪೂ ಇದೆ, ನಮ್ಮದೇ ಹಳೆಯ ವರದಿಗಳು ಹಾಗೆಯೇ ಬಿದ್ದಿವೆ.

ನುಡಿಯಲ್ಲೂ ಬರಹದಲ್ಲೂ ಪರಿವರ್ತಕ ಇದೆ. ಹಳೆಯ ಯಂತ್ರ ಓಡುತ್ತಿರುವಾಗಲೇ, ಫಾಂಟು ಅದರಲ್ಲಿ ಇರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ. ಆಗ ಮೂಲದ ಜೊತೆ ಹೋಲಿಸಿ ನೋಡಬಹುದು. ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಕಡೆ ಕಣ್ಣಿಟ್ಟು ಓದಿ, ತಪ್ಪುವುದು ಅಲ್ಲೇ. ಮೂಲ ಕಡತವನ್ನು ಮಾತ್ರ ಅಳಿಸಬೇಡಿ. ಇನ್ನೊಂದು ಮಾತು: ವರ್ಡ್‌ಪ್ಯಾಡಿನಲ್ಲಿ ನೋಟೀಸು ಬರೆದಿಡುವವರು ಗಮನಿಸಿ, ವಿಂಡೋಸ್ 11ರ 24ಎಚ್2ರಿಂದ ವರ್ಡ್‌ಪ್ಯಾಡನ್ನೇ ತೆಗೆದಿದ್ದಾರೆ. ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಆ ಕಡತಗಳನ್ನು ತೆರೆಯುತ್ತದೆ.

ಇನ್ನು ಟೈಪಿಂಗ್. 2019ರ ಮೇ ನವೀಕರಣದಲ್ಲಿ ಕನ್ನಡ ಸೇರಿ ಹತ್ತು ಭಾರತೀಯ ಭಾಷೆಗಳಿಗೆ ಫೋನೆಟಿಕ್ ಕೀಲಿಮಣೆ ವಿಂಡೋಸಿನಲ್ಲೇ ಬಂತು, 11ರಲ್ಲೂ ಇದೆ. ಆದರೆ ನಮ್ಮ ಮಾಸ್ತರರ ಸ್ಥಿತಿ ಬೇರೆ: ತಾಲೂಕು ಕಚೇರಿಗೆ ಹೋಗುವ ಪತ್ರ ಮರಾಠಿಯಲ್ಲಿ, ಮಕ್ಕಳ ಪ್ರಶ್ನೆಪತ್ರಿಕೆ ಕನ್ನಡದಲ್ಲಿ. ಇವರಿಗೆ ಇನ್‌ಸ್ಕ್ರಿಪ್ಟ್ ಕೀಲಿಮಣೆಯಷ್ಟು ಅನುಕೂಲ ಬೇರೊಂದಿಲ್ಲ. ಅದರಲ್ಲಿ ಮರಾಠಿಯ 'ಕ' ಇರುವ ಕೀಲಿಯಲ್ಲೇ ಕನ್ನಡದ 'ಕ', 'ತ' ಇರುವಲ್ಲೇ 'ತ'. ಮರಾಠಿ ಇನ್‌ಸ್ಕ್ರಿಪ್ಟ್ ಬಲ್ಲ ಬೆರಳು ಹೊಸದಾಗಿ ಕಲಿಯಬೇಕಾದದ್ದು ಹ್ರಸ್ವ ಎ, ಒ ಮುಂತಾದ ಸ್ವಲ್ಪ ಮಾತ್ರ. ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿದರೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗಬಹುದು. ಎರಡು ಭಾಷೆಯ ನಡುವೆ ಬದುಕುವ ನಮಗೆ ಇಷ್ಟು ಒಪ್ಪುವ ಸೌಲಭ್ಯವನ್ನು ಯಾರೂ ಜಾಹೀರಾತು ಮಾಡುವುದಿಲ್ಲ ಎಂಬುದು ಬೇಸರ.

ಅರ್ಹತೆ ಇಲ್ಲದ ಯಂತ್ರಗಳನ್ನು ಗುಜರಿಗೆ ಹಾಕಬೇಕೇ? ಬೇಡ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಸುತ್ತಿವೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದೇ ವ್ಯವಸ್ಥೆಯಲ್ಲಿದ್ದಾರೆ. ಅದಕ್ಕೆ ಪರವಾನಗಿ ಹಣವಿಲ್ಲ, ಕನ್ನಡ ಇನ್‌ಸ್ಕ್ರಿಪ್ಟ್ ಅದರಲ್ಲೇ ಇರುತ್ತದೆ. ಒಂದು ಯಂತ್ರದಲ್ಲಿ ಹಾಕಿ ನೋಡುವುದರಲ್ಲಿ ನಷ್ಟವೇನೂ ಇಲ್ಲ, ಕಡತ ಮೊದಲು ತೆಗೆದಿಟ್ಟಿದ್ದರೆ.

2022ರ ನವೆಂಬರಿನಲ್ಲಿ ಜತ್ತದ ಹೆಸರು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಓಡಾಡಿತು. ಆಗಿನ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ವಿಶೇಷ ಅನುದಾನದ ಮಾತು ಆಡಿದ್ದರು. ಸುದ್ದಿಯಲ್ಲಿ ಗಡಿ ಎಲ್ಲಿರಬೇಕು ಎಂಬುದೇ ದೊಡ್ಡದಾಯಿತು. ಅನುದಾನವಿರಲಿ, ದಾನಿಗಳಿರಲಿ, ಇನ್ನು ಮುಂದೆ ಅರ್ಜಿಯಲ್ಲಿ ಬರೀ "ಕಂಪ್ಯೂಟರ್ ಕೊಡಿ" ಎಂದು ಬರೆಯದೆ ಟಿಪಿಎಂ 2.0, 8 ಜಿಬಿ ರ‍್ಯಾಮ್ ಎಂದು ಸ್ಪಷ್ಟವಾಗಿ ಬರೆಯಿರಿ. ಇಲ್ಲದಿದ್ದರೆ ಇನ್ನೊಬ್ಬರು ಬಿಟ್ಟ ಯಂತ್ರವೇ ಮತ್ತೆ ಬರುತ್ತದೆ.

ವಿಂಡೋಸ್ 11 ಇಳಿಸಿಕೊಳ್ಳಲು 5 ಜಿಬಿಗೂ ಹೆಚ್ಚು ಡೇಟಾ ಬೇಕು. ನಮ್ಮ ಹಳ್ಳಿಗಳ ನೆಟ್‌ವರ್ಕು, ಕರೆಂಟು ಎರಡೂ ಗೊತ್ತಿರುವಂಥದ್ದೇ. ಒಮ್ಮೆ 8 ಜಿಬಿಯ ಪೆನ್‌ಡ್ರೈವಿಗೆ ಹಾಕಿಕೊಂಡರೆ ಅರ್ಹ ಯಂತ್ರಗಳಿಗೆಲ್ಲ ಅದರಿಂದಲೇ ಹಾಕಬಹುದು. ಸಂಘದಲ್ಲಿ ಅಂಥದೊಂದನ್ನು ಸಿದ್ಧಮಾಡಿ ಇಟ್ಟಿದ್ದೇವೆ. ಮುಂದಿನ ಮಾಸಿಕ ಸಭೆಗೆ ಬರುವಾಗ ಹಳೆಯ ಕಡತಗಳ ಪ್ರತಿಯನ್ನು ಜೊತೆಗೆ ತನ್ನಿ, ಕೂತು ಪರಿವರ್ತಿಸೋಣ. ಸ್ಮರಣ ಸಂಚಿಕೆಗಳಿದ್ದರೆ ಅವನ್ನೇ ಮೊದಲು ತನ್ನಿ.