ಗಡಾಯಿಕಲ್ಲಿಗೊಂದು ಬಜೆಟ್

ದೀಪಾವಳಿ ಕಳೆದ ಮೇಲೆ ಎಲ್ಲಿಗೆ ಪ್ರವಾಸ ಎಂದು ಕೇಳಿದರೆ ಈಗಿನವರು ಊಟಿ, ಮುನ್ನಾರ್ ಎನ್ನುತ್ತಾರೆ. ಹೋಗಲಿ, ಬೇಡ ಎನ್ನುವವನು ನಾನಲ್ಲ. ಆದರೆ ಮಕ್ಕಳೇ, ನಮ್ಮ ಸಿದ್ಧಕಟ್ಟೆಯಲ್ಲಿ ಬೆಳಿಗ್ಗೆ ಚಹಾ ಕುಡಿದು ಹೊರಟರೆ ರಾತ್ರಿ ಊಟಕ್ಕೆ ಮನೆ ಸೇರಬಹುದಾದ ಬೆಟ್ಟವೊಂದಿದೆ. ಬೆಳ್ತಂಗಡಿ ಹತ್ತಿರದ ಗಡಾಯಿಕಲ್ಲು. ದೂರದಿಂದ ನೋಡಿದರೆ ಯಾರೋ ಒಂದೇ ಕರಿಬಂಡೆಯನ್ನು ತಂದು ನಿಲ್ಲಿಸಿ ಮರೆತು ಹೋದ ಹಾಗೆ ಕಾಣುತ್ತದೆ. ಸಮುದ್ರ ಮಟ್ಟದಿಂದ ಸುಮಾರು 1,700 ಅಡಿ.

ಇದಕ್ಕೆ ಹೆಸರು ಮೂರು. ಹಳಬರಿಗೆ ನರಸಿಂಹಗಡ, ನಮಗೆ ಗಡಾಯಿಕಲ್ಲು, ಪುಸ್ತಕದಲ್ಲಿ ಜಮಾಲಾಬಾದ್ ಕೋಟೆ. ಈಗಿನ ಕೋಟೆಯನ್ನು ಟಿಪ್ಪು ಸುಲ್ತಾನ 1794ರಲ್ಲಿ ಕಟ್ಟಿಸಿದ. ತಾಯಿಯ ನೆನಪಿಗೆ ಆ ಹೆಸರು ಇಟ್ಟ ಎಂದು ಹೇಳುತ್ತಾರೆ. ಇಲ್ಲೇ ಯಾಕೆ ಕಟ್ಟಿಸಿದ? ಮೇಲೆ ನಿಂತರೆ ಉತ್ತರ ಸಿಗುತ್ತದೆ. ಒಂದು ಕಡೆ ಘಟ್ಟದ ಸಾಲು, ಇನ್ನೊಂದು ಕಡೆ ಕರಾವಳಿಯತ್ತ ಇಳಿಯುವ ನೆಲ. ಹತ್ತಲು ಇರುವುದು ಒಂದೇ ಇಕ್ಕಟ್ಟಿನ ದಾರಿ. ಬಾಗಿಲಲ್ಲಿ ನಾಲ್ಕು ಜನ ಗಟ್ಟಿಗರು ನಿಂತರೆ ಕೆಳಗಿನ ಸೈನ್ಯ ಮುಂದೆ ಬರುವುದು ಕಷ್ಟ. ಇಷ್ಟಿದ್ದೂ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇದು ಇಂಗ್ಲಿಷರ ಕೈಸೇರಿತು. ಐದು ವರ್ಷಕ್ಕೆ ಮಾಲಿಕತ್ವ ಬದಲು! ನಮ್ಮ ಬ್ಯಾಂಕಿನಲ್ಲಿ ಆವರ್ತ ಠೇವಣಿಗೂ ಅಷ್ಟೇ ಅವಧಿ ಇರುತ್ತಿತ್ತು.

ಮೇಲೆ ಹಳೆಯ ಗೋಡೆಗಳು, ಒಂದು ಕೆರೆ, ಒಂದು ಫಿರಂಗಿ ಇವೆ. ಮೆಟ್ಟಿಲು 1,800ಕ್ಕೂ ಹೆಚ್ಚು ಎಂಬುದು ವಾಡಿಕೆಯ ಲೆಕ್ಕ. ಸಾಧಾರಣ ಕಾಲಿನವರಿಗೆ ಹತ್ತಲು ಒಂದೂವರೆಯಿಂದ ಎರಡು ಗಂಟೆ ಬೇಕು. ಮಳೆಗಾಲದಲ್ಲಿ ಪಾಚಿ ಕಟ್ಟಿ ಕಲ್ಲು ಜಾರುತ್ತದೆ, ಆಗ ಹೋಗಲೇಬಾರದು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಸರಹದ್ದಾದ್ದರಿಂದ ಅರಣ್ಯ ಇಲಾಖೆಗೆ ಶುಲ್ಕ ಕಟ್ಟಬೇಕು. ಹೊರಡುವ ಮೊದಲು ಬಿಟ್ಟಿದ್ದಾರೆಯೇ ಎಂದು ವಿಚಾರಿಸಿಕೊಳ್ಳಿ.

ಇಷ್ಟನ್ನೂ ಹಳೆಯ ಡೈರಿಯಲ್ಲಿ ಕಾಲಂ ಹಾಕಿ ಬರೆದಿಟ್ಟೆ. ಜೀಪಿನ ಬಾಡಿಗೆ, ಟಿಕೆಟ್, ತಲೆಗೆ ಎರಡು ಬಾಟಲಿ ನೀರು, ಅವಲಕ್ಕಿ, ಬೆಲ್ಲ, ಒಂದು ಫ್ಲಾಸ್ಕ್ ಪುನರ್ಪುಳಿ ಶರಬತ್ತು. ಐದನೇ ತರಗತಿಯ ಪುಳ್ಳಿ ಬಗ್ಗಿ ನೋಡಿದಳು. "ಅಜ್ಜ, ಹತ್ತುವವರ ಪಟ್ಟಿಯಲ್ಲಿ ನಿಮ್ಮ ಹೆಸರೇ ಇಲ್ಲ. ನೀವು ಬರುದಿಲ್ವಾ?"

ನನಗೆ ಎಪ್ಪತ್ತನಾಲ್ಕು. ಎಡಗಾಲಿನ ಮೊಣಗಂಟು ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ಡಾಕ್ಟರು ಹತ್ತುವುದಕ್ಕಿಂತ ಇಳಿಯುವುದೇ ಅಪಾಯ ಎಂದಿದ್ದಾರೆ. ಹಾಗೆಂದು ಹೇಳಿದೆ. "ಹಾಗಾದರೆ ನಾನೂ ಬರುದಿಲ್ಲ" ಎಂದು ಅವಳು ಮುಖ ತಿರುಗಿಸಿದಳು. ಒಳಗಿನಿಂದ ನನ್ನಾಕೆ, "ಹಟಕ್ಕೆ ಬಿದ್ದು ಹತ್ತಿಬಿಟ್ಟೀರಿ, ಆ ಮೊಣಗಂಟಿಗೆ ಮತ್ತೆ ಯಾರೂ ಸಾಲ ಕೊಡುದಿಲ್ಲ" ಎಂದಳು.

ಒಂದು ಇಡೀ ಸಂಜೆ ಈ ಚರ್ಚೆ ನಡೆಯಿತು. ನನಗೂ ಆಸೆ ಇಲ್ಲದೆ ಇಲ್ಲ. ಆದರೆ ಅರ್ಧ ದಾರಿಯಲ್ಲಿ ಅಜ್ಜ ಕುಸಿದು ಕುಳಿತರೆ ಹೊತ್ತು ಇಳಿಸುವವರು ಯಾರು? ಮಕ್ಕಳ ಸಂತೋಷವೆಲ್ಲ ಅಲ್ಲಿಗೇ ಮುಗಿದೀತು. ಕಡೆಗೆ ಒಪ್ಪಂದವಾಯಿತು. ಮಗ ಮಕ್ಕಳನ್ನು ಕರೆದುಕೊಂಡು ಮೇಲೆ ಹೋಗುವುದು, ನಾವಿಬ್ಬರು ಬುಡದಲ್ಲೇ ನೆರಳು ನೋಡಿ ಕೂರುವುದು. ಬರುವಾಗ ಎಲ್ಲರೂ ವೇಣೂರಿನಲ್ಲಿ ಇಳಿಯುವುದು. ಫಲ್ಗುಣಿ ದಡದ ಆ ಬಾಹುಬಲಿ ಸುಮಾರು 35 ಅಡಿ ಎತ್ತರ. 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ್ದು. ಅವನನ್ನು ನೋಡಲು ಬೆಟ್ಟ ಹತ್ತಬೇಕಾಗಿಲ್ಲ, ಕತ್ತು ಎತ್ತಿದರೆ ಸಾಕು.

ಪುಳ್ಳಿಗೆ ಒಂದು ಕೆಲಸವನ್ನೂ ಒಪ್ಪಿಸಿದ್ದೇನೆ. ಹತ್ತುವಾಗ ಅವಳು ಮೆಟ್ಟಿಲು ಎಣಿಸಬೇಕು, ಇಳಿಯುವಾಗ ಅವಳ ತಮ್ಮ. ಎರಡು ಚೀಟಿ ಬೇರೆ ಬೇರೆ, ಒಬ್ಬರದನ್ನು ಒಬ್ಬರು ನೋಡುವಂತಿಲ್ಲ. ಬುಡದಲ್ಲಿ ನಾನು ಟ್ಯಾಲಿ ಮಾಡುತ್ತೇನೆ.

"ಲೆಕ್ಕ ಕೂಡದಿದ್ದರೆ?" ಎಂದು ಕೇಳಿದಳು.

"ಬರುವ ವರ್ಷ ಇನ್ನೊಮ್ಮೆ ಎಣಿಸಿದರಾಯಿತು" ಎಂದೆ. ತಮ್ಮನಿಗೆ ಈಗಲೇ ತಪ್ಪು ಎಣಿಸಲು ಹೇಳಿಕೊಡುತ್ತಿದ್ದಾಳೆಂದು ಅವಳ ಅಜ್ಜಿಯ ಗುಮಾನಿ.